ಡಿಸ್ಚಾರ್ಜ್ ಬುಕ್‌ನಲ್ಲಿ ಬಿಟ್ಟುಹೋದ ಯುದ್ಧ ಪದಕಗಳನ್ನು ಸೇರಿಸುವುದು ಹೇಗೆ?

ಸೋಮವಾರಪೇಟೆ ಗನ್ನರ್

ಎಲ್ಲರಿಗೂ ನಮಸ್ಕಾರ. ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತಿ, ಪಿಂಚಣಿ ಸ್ಪರ್ಶ್‌ನಲ್ಲಿ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಬರುತ್ತಿದೆ. 1999ರ ಕಾರ್ಗಿಲ್ ಯುದ್ಧದಲ್ಲಿ ರೆಜಿಮೆಂಟ್ ದ್ರಾಸ್‌ನಲ್ಲಿತ್ತು. ಡಿಸ್ಚಾರ್ಜ್ ಬುಕ್‌ನ ಪದಕಗಳ ಪುಟದಲ್ಲಿ ಆಪರೇಷನ್ ವಿಜಯ್ ಮೆಡಲ್ ಇದೆ, ಸ್ಟಾರ್ ಇಲ್ಲ. ಶೆಲ್ ಚೂರು ಹೊಡೆದು ಆಸ್ಪತ್ರೆ ಸೇರಿದ್ದಕ್ಕೆ ಸ್ಲಿಪ್ ಉಂಟು, ಆದರೆ ವೂಂಡ್ ಮೆಡಲ್ ಎಲ್ಲೂ ನಮೂದಾಗಿಲ್ಲ. ಸೇನಾ ಮೆಡಲ್‌ಗೂ ಹೆಸರು ಹೋಗಿತ್ತು ಅಂತ ಆಗಿನ ಬ್ಯಾಟರಿ ಕಮಾಂಡರ್ ಹೇಳಿದ್ದರು, ಅದರ ಮುಂದಿನ ಸುದ್ದಿ ಇಲ್ಲ. ಆಧಾರ್‌ನಲ್ಲಿ ಮನೆಹೆಸರು, ತಂದೆ ಹೆಸರು ಪೂರ್ತಿ ಇದೆ, ಸೇನೆಯ ದಾಖಲೆಯಲ್ಲಿ ಬರೀ ಇನಿಷಿಯಲ್. ಈ ಮೂರು ಪದಕಗಳನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದಾ? ಅರ್ಜಿ ಯಾರಿಗೆ ಹಾಕಬೇಕು? ತಿಳಿದವರು ದಯವಿಟ್ಟು ಹೇಳಿ.

ಹೆಡ್ ಕ್ಲರ್ಕ್ ಮಡಿಕೇರಿ

ಹವಾಲ್ದಾರ್ ಸಾಬ್, ಒಂದೇ ಅರ್ಜಿಯಲ್ಲಿ ಖಂಡಿತ ಬೇಡ. ಮೂರೂ ಬೇರೆ ಬೇರೆ ಸ್ವಭಾವದ ಬೇಡಿಕೆಗಳು. ಒಟ್ಟಿಗೆ ಕಳಿಸಿದರೆ, ಇರುವುದರಲ್ಲಿ ಅತಿ ಕಷ್ಟದ್ದಕ್ಕೆ ಉತ್ತರ ಸಿಗುವವರೆಗೆ ಸುಲಭದ್ದೂ ಫೈಲ್‌ನೊಳಗೇ ಕೂತಿರುತ್ತದೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮ ಶೀಟ್ ರೋಲ್‌ನಲ್ಲಿ ಏನು ಬರೆದಿದೆ? ಮೂಲ ದಾಖಲೆ ಅದೇ. ಡಿಸ್ಚಾರ್ಜ್ ಬುಕ್ ಅಂದರೆ ನೀವು ಹೊರಗೆ ಬರುವ ಹೊತ್ತಿಗೆ ಅದರಿಂದ ಇಳಿಸಿಕೊಂಡ ಪ್ರತಿ, ಅಷ್ಟೆ. ಇಳಿಸಿಕೊಳ್ಳುವಾಗ ಒಂದು ಸಾಲು ಬಿಟ್ಟುಹೋಗುವುದು ಬಹಳ ಸಾಮಾನ್ಯ. ಸ್ಟಾರ್ ಮತ್ತು ಮೆಡಲ್ ಎರಡರ ಹೆಸರೂ 'ಆಪರೇಷನ್ ವಿಜಯ್' ಅಂತಲೇ ಶುರುವಾಗುವುದರಿಂದ, ಒಂದನ್ನು ಬರೆದು ಇನ್ನೊಂದನ್ನೂ ಬರೆದಾಯಿತು ಅಂದುಕೊಳ್ಳುವ ಸಾಧ್ಯತೆ ಇನ್ನೂ ಹೆಚ್ಚು. ಎರಡೂ ಬೇರೆ ಪದಕಗಳು. ಸ್ಟಾರ್ ಇರುವುದು ಕಾರ್ಗಿಲ್, ದ್ರಾಸ್, ಬಟಾಲಿಕ್ ಕಡೆಯ ಯುದ್ಧಭೂಮಿಯಲ್ಲೇ ಇದ್ದವರಿಗೆ. ಮೆಡಲ್‌ನ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಅರ್ಹತೆ ಇದ್ದವರು ಎರಡನ್ನೂ ಧರಿಸುತ್ತಾರೆ.

ಶೀಟ್ ರೋಲ್‌ನಲ್ಲಿ ಸ್ಟಾರ್ ಇದ್ದರೆ ನಿಮ್ಮದು ಬರೀ ಗುಮಾಸ್ತಿಕೆಯ ತಿದ್ದುಪಡಿ. ಅಲ್ಲೂ ಇಲ್ಲದಿದ್ದರೆ ಪಾರ್ಟ್ ಟು ಆರ್ಡರ್, ಅಂದರೆ ಸಿಪಾಯಿಯ ವಿವರ ದಾಖಲಿಸಲು ಯೂನಿಟ್ ಹೊರಡಿಸುವ ಆದೇಶ, ಹುಡುಕಬೇಕು. ಸಿಪಾಯಿಯ ಸೇವೆಯಲ್ಲಿ ಬಡ್ತಿ, ಮದುವೆ, ಮಕ್ಕಳು, ಗಾಯ, ಪದಕ, ಯಾವುದೇ ಆಗಲಿ ಪಾರ್ಟ್ ಟು ಆರ್ಡರ್ ಆಗದೆ ದಾಖಲೆಗೆ ಏರುವುದಿಲ್ಲ. ಆರ್ಡರ್ ಆಗಿದ್ದೂ ಶೀಟ್ ರೋಲ್‌ಗೆ ಏರದೆ ಉಳಿದಿರಬಹುದು. ಅಥವಾ ಯೂನಿಟ್ ಪದಕಕ್ಕೆ ಹೆಸರಿನ ಪಟ್ಟಿ ಮಾಡಿದ ದಿನ ನೀವು ಆಸ್ಪತ್ರೆಯಲ್ಲೋ, ಕೋರ್ಸ್‌ನಲ್ಲೋ, ಬೇರೆ ಪೋಸ್ಟಿಂಗ್‌ನಲ್ಲೋ ಇದ್ದಿರಬಹುದು. ಗಾಯಾಳುಗಳ ಹೆಸರೇ ಸ್ಟಾರ್ ಪಟ್ಟಿಯಿಂದ ತಪ್ಪುವುದು ಹೀಗೆ. ಬೇಸ್ ಹಾಸ್ಪಿಟಲ್‌ಗೆ ಹೋದವರನ್ನು ಯೂನಿಟ್‌ನ ಬಲದಿಂದ ಹೊರಗೆ ತೋರಿಸಿದ ಮೇಲೆ ಪಟ್ಟಿ ತಯಾರಾದರೆ ಅವರನ್ನು ನೆನಪಿಸುವವರು ಯಾರೂ ಇರುವುದಿಲ್ಲ.

ಶೀಟ್ ರೋಲ್ ನೋಡಲು ಆರ್‌ಟಿಐ ಸಾಕು. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಭಾರತೀಯ ಸೇನೆಯನ್ನು ಆರಿಸಿ, ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಇಷ್ಟೇ: ನನ್ನ ಶೀಟ್ ರೋಲ್‌ನ ದೃಢೀಕೃತ ಪ್ರತಿ, ನನ್ನ ಪದಕಗಳಿಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್‌ಗಳು, 1999ರ ಗಾಯಕ್ಕೆ ಸಂಬಂಧಿಸಿದ ಕ್ಯಾಶುಯಲ್ಟಿ ಆರ್ಡರ್ ಮತ್ತು ಇಂಜುರಿ ರಿಪೋರ್ಟ್. ಇಂಜುರಿ ರಿಪೋರ್ಟ್ ಅಂದರೆ ಐಎಎಫ್‌ವೈ-2006 ಫಾರ್ಮ್, ಆ ನಂಬರನ್ನೇ ಬರೆಯಿರಿ. ವಾರ್ ಡೈರಿ, ಫೈರ್ ಪ್ಲಾನ್, ಬೇರೆಯವರ ಹೆಸರು ಇವನ್ನೆಲ್ಲ ಕೇಳಬೇಡಿ. ಭದ್ರತೆಯ ಕಾರಣ ಕೊಟ್ಟು ಇಡೀ ಅರ್ಜಿಯನ್ನೇ ತಿರಸ್ಕರಿಸಲು ಅವರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಕುಶಾಲನಗರ ಸಿಗ್ನಲ್ಸ್

ಹೆಡ್ ಕ್ಲರ್ಕ್ ಸಾಬ್ ಹೇಳಿದ್ದು ಸರಿ. ಅರ್ಜಿಯ ವಿಷಯ ನಾನು ಸೇರಿಸುತ್ತೇನೆ.

ಅರ್ಜಿ ಹೋಗಬೇಕಾದದ್ದು ನಿಮ್ಮ ರೆಕಾರ್ಡ್ ಆಫೀಸ್‌ಗೆ, ದೆಹಲಿಗಲ್ಲ. ಆರ್ಟಿಲರಿಯದ್ದು ನಾಸಿಕ್ ರೋಡ್ ಕ್ಯಾಂಪ್. ಓದುವ ಬೇರೆಯವರಿಗೆ ಉಪಯೋಗವಾಗಲಿ: ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿ ಬೆಳಗಾವಿ, ಸಿಗ್ನಲ್ಸ್ ಜಬಲ್ಪುರ, ಇಎಂಇ (ಸೇನೆಯ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ವಿಭಾಗ) ಸಿಕಂದರಾಬಾದ್. ನೇರವಾಗಿ ರಕ್ಷಣಾ ಸಚಿವರಿಗೆ ಬರೆದರೂ ಪತ್ರ ತಿರುಗಿ ತಿರುಗಿ ಅಲ್ಲಿಗೇ ಬರುತ್ತದೆ, ತಿಂಗಳುಗಳು ಹೋಗಿರುತ್ತವೆ.

ಮೊದಲ ಸಾಲಿನಲ್ಲೇ ಆರ್ಮಿ ನಂಬರ್, ರ‍್ಯಾಂಕ್, ದಾಖಲೆಯಲ್ಲಿರುವಂತೆಯೇ ಹೆಸರು, ರೆಜಿಮೆಂಟ್, ಸೇರಿದ ದಿನಾಂಕ, ನಿವೃತ್ತಿಯ ದಿನಾಂಕ, ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ) ನಂಬರ್. ನಂತರ ಒಂದೇ ಬೇಡಿಕೆ. ದ್ರಾಸ್‌ನ ಚಳಿ, ಬೆಟ್ಟ, ಗೋಲಿಬಾರಿನ ವರ್ಣನೆ ಬೇಡ. 'ಇಂತಿಂಥ ದಿನಾಂಕದಿಂದ ಇಂತಿಂಥ ದಿನಾಂಕದವರೆಗೆ ಇಂಥ ಬ್ಯಾಟರಿಯಲ್ಲಿ, ಇಂಥ ಜಾಗದಲ್ಲಿ ಇದ್ದೆ' ಎಂಬ ಎರಡು ಸಾಲು ಕ್ಲರ್ಕ್‌ಗೆ ಸಾಕು, ಅದನ್ನೇ ಅವನು ಯೂನಿಟ್‌ಗೆ ಕಳಿಸಿ ದೃಢೀಕರಣ ಕೇಳುತ್ತಾನೆ. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ನಾಸಿಕ್‌ನಲ್ಲಿ ಕನ್ನಡ ಓದುವವರನ್ನು ಹುಡುಕುವ ಹೊತ್ತಿಗೆ ಪತ್ರ ರಾಶಿಯ ಅಡಿಗೆ ಸೇರಿಬಿಡುತ್ತದೆ.

ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ ಕಳಿಸಿ. ಅವರ ಮುಂಪತ್ರ ಇದ್ದರೆ ಎರಡು ಕಡೆಯೂ ಫೈಲ್ ನಂಬರ್ ಬೀಳುತ್ತದೆ, ಜ್ಞಾಪನ ಕಳಿಸುವಾಗ ಆ ನಂಬರ್ ಬೇಕು. ಡಿಸ್ಚಾರ್ಜ್ ಬುಕ್‌ನ ಎಲ್ಲ ಪುಟಗಳ ಜೆರಾಕ್ಸ್‌ಗೆ ಅಲ್ಲೇ ದೃಢೀಕರಣ ಮಾಡಿಸಿ. ಅಸಲನ್ನು ಮೊದಲ ಪತ್ರದ ಜೊತೆ ಕಳಿಸಲೇಬೇಡಿ. ನಮೂದು ಮಾಡಲು ಕಳಿಸಿ ಎಂದು ಅವರೇ ಬರೆದು ಕೇಳಿದ ಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ, ಪೂರ್ತಿ ಜೆರಾಕ್ಸ್ ಮನೆಯಲ್ಲಿಟ್ಟುಕೊಂಡು ಕಳಿಸಿ.

ಇನ್ನೊಂದು ಮಾತು, ಇದು ನಮ್ಮ ಕೊಡಗಿನವರಿಗೇ. ಜೂನ್ ಬಂತೆಂದರೆ ಟ್ರಂಕ್‌ನೊಳಗಿನ ಡಿಸ್ಚಾರ್ಜ್ ಬುಕ್‌ಗೆ ಬೂಷ್ಟು ಹಿಡಿದು, ನೇರಳೆ ಸೀಲಿನ ಶಾಯಿ ಪಕ್ಕದ ಪುಟಕ್ಕೂ ಇಳಿದು ಅಕ್ಷರ ಮಸುಕಾಗುತ್ತದೆ. ಅದಕ್ಕೆ ಹೆದರಿ ತುಂಬ ಜನ ಲ್ಯಾಮಿನೇಷನ್ ಮಾಡಿಸುತ್ತಾರೆ. ಮಾಡಿಸಬೇಡಿ! ಲ್ಯಾಮಿನೇಷನ್ ಆದ ಪುಟದ ಮೇಲೆ ಹೊಸ ನಮೂದು ಬರೆದು ಸೀಲ್ ಹೊಡೆಯಲು ಆಗುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ತೆರೆದಿಡಿ.

ಸೋಮವಾರಪೇಟೆ ಗನ್ನರ್

ಇಬ್ಬರಿಗೂ ತುಂಬ ಥ್ಯಾಂಕ್ಸ್. ವೂಂಡ್ ಮೆಡಲ್‌ಗೆ ಆಸ್ಪತ್ರೆ ಸ್ಲಿಪ್ ಒಂದೇ ಸಾಲುತ್ತದಾ? ಸೇನಾ ಮೆಡಲ್ ವಿಷಯಕ್ಕೂ ದಯವಿಟ್ಟು ಹೇಳಿ.

ಹೆಡ್ ಕ್ಲರ್ಕ್ ಮಡಿಕೇರಿ

ಸ್ಲಿಪ್ ಒಂದೇ ಸಾಲದು. ನೀವು ಆಸ್ಪತ್ರೆಯಲ್ಲಿದ್ದಿರಿ ಎಂಬುದಕ್ಕೆ ಅದು ಸಾಕ್ಷಿ, ಗಾಯ ಹೇಗಾಯಿತು ಎಂಬುದಕ್ಕಲ್ಲ. ವೂಂಡ್ ಮೆಡಲ್ ಸಿಗುವುದು ಶತ್ರುವಿನ ನೇರ ಕ್ರಿಯೆಯಿಂದ ಆದ ಗಾಯಕ್ಕೆ. ಅದೇ ಪ್ರದೇಶದಲ್ಲಿ ಗಾಡಿ ಉರುಳಿ ಕಾಲು ಮುರಿದರೆ ಸಿಗುವುದಿಲ್ಲ. ಸ್ಲಿಪ್‌ನಲ್ಲಿ 'ಸ್ಪ್ಲಿಂಟರ್ ಇಂಜುರಿ' ಅಂತ ರೋಗನಿರ್ಣಯ ಬರೆದಿದೆಯಾ ನೋಡಿ. ಬರೆದಿದ್ದರೆ ಅದು ದೊಡ್ಡ ಬಲ, ಆದರೆ ತೂಕದ ಕಾಗದ ಯೂನಿಟ್ ಹೊರಡಿಸಿದ ಬ್ಯಾಟಲ್ ಕ್ಯಾಶುಯಲ್ಟಿ ಆರ್ಡರೇ. ಅದರಲ್ಲಿ 'ಫಿಸಿಕಲ್ ಕ್ಯಾಶುಯಲ್ಟಿ' (ಯುದ್ಧದಲ್ಲಲ್ಲದೆ ಆದ ಗಾಯ) ಎಂದಾಗಿದ್ದರೆ ಮೊದಲು ಅದನ್ನು ತಿದ್ದಿಸಬೇಕು, ಪದಕ ಆಮೇಲೆ. ಆರ್ಡರ್ ಸಿಗದಿದ್ದರೆ ಆಗ ಜೊತೆಗಿದ್ದ ಅಧಿಕಾರಿ ಅಥವಾ ಜೆಸಿಒ (ಸುಬೇದಾರ್ ಮಟ್ಟದವರು) ಕೊಟ್ಟ ಲಿಖಿತ ಹೇಳಿಕೆ, ಅವರ ನಂಬರ್ ರ‍್ಯಾಂಕ್ ಸಮೇತ, ಮೆಡಿಕಲ್ ಬೋರ್ಡ್ ಕಾಗದಗಳ ಜೊತೆ ಕೊಡಿ.

ಇದನ್ನು ಪದಕಕ್ಕಾಗಿ ಮಾತ್ರ ಅಂತ ನೋಡಬೇಡಿ. ಆ ಗಾಯದಿಂದ ನಿವೃತ್ತಿ ಹೊತ್ತಿಗೆ ಅಂಗವೈಕಲ್ಯ ಉಳಿದು, ಬೋರ್ಡ್ ಶೇಕಡಾ 20ಕ್ಕೆ ಕಡಿಮೆಯಿಲ್ಲದಂತೆ ಬರೆದಿದ್ದರೆ ವಾರ್ ಇಂಜುರಿ ಎಲಿಮೆಂಟ್‌ನ (ಯುದ್ಧದ ಗಾಯಕ್ಕೆ ಪಿಂಚಣಿಯಲ್ಲಿ ಸೇರುವ ಭಾಗ) ಪ್ರಶ್ನೆ ಏಳುತ್ತದೆ. ನಿವೃತ್ತರಾದವರಿಗೆ ಪೂರ್ತಿ ವೈಕಲ್ಯಕ್ಕೆ ಸಾಮಾನ್ಯ ಡಿಸಬಿಲಿಟಿ ಎಲಿಮೆಂಟ್ ವೇತನದ ಶೇಕಡಾ 30 ಆದರೆ ವಾರ್ ಇಂಜುರಿಯದ್ದು ಶೇಕಡಾ 60. ಅದು ಬೇರೆ ಅರ್ಜಿ, ಬೇರೆ ನಿಯಮ. ಪಿಂಚಣಿಗೆ ಒಪ್ಪುವ ಕೆಲವು ಗಾಯಗಳು ಪದಕಕ್ಕೆ ಒಪ್ಪುವುದಿಲ್ಲ, ಹಾಗಾಗಿ ಒಂದರ ಉತ್ತರ ನೋಡಿ ಇನ್ನೊಂದನ್ನು ಕೈಬಿಡಬೇಡಿ.

ಸೇನಾ ಮೆಡಲ್: ಇಲ್ಲಿ ನಿಮಗೆ ಆಸೆ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಶಿಫಾರಸು ಹೋಗಿತ್ತು ಎಂಬುದು ಹಕ್ಕಲ್ಲ. ಪ್ರಶಸ್ತಿ ಆಗಿದ್ದರೆ ಭಾರತದ ಗೆಜೆಟ್‌ನಲ್ಲಿ ಬಂದಿರಲೇಬೇಕು. ಇ-ಗೆಜೆಟ್ ತಾಣದಲ್ಲಿ 1999ರ ಆಗಸ್ಟ್‌ನಿಂದ ಮುಂದಿನ ಎರಡು ಮೂರು ವರ್ಷದ, ಭಾಗ 1 ವಿಭಾಗ 1ರ ರಾಷ್ಟ್ರಪತಿ ಸಚಿವಾಲಯದ ಅಧಿಸೂಚನೆಗಳನ್ನು ಆರ್ಮಿ ನಂಬರ್ ಹಿಡಿದು ಹುಡುಕಿ. ಹೆಸರು ಹಿಡಿದು ಹುಡುಕಿದರೆ ಕಾಗುಣಿತ ಕೈಕೊಡುತ್ತದೆ. ಅಲ್ಲಿದ್ದರೆ ನಿಮ್ಮ ಕೆಲಸ ಗೆದ್ದಂತೆ: ಗೆಜೆಟ್ ಪ್ರತಿ ಇಟ್ಟರೆ ನಮೂದು ನಿರಾಕರಿಸಲು ಕಾರಣವೇ ಇಲ್ಲ. ಶೌರ್ಯಕ್ಕೆ ಕೊಟ್ಟ ಸೇನಾ ಮೆಡಲ್‌ಗೆ ತಿಂಗಳಿಗೆ 2,000 ರೂಪಾಯಿ ಭತ್ಯೆ ಉಂಟು, 2017ರ ಆಗಸ್ಟ್‌ಗೆ ಮುಂಚೆ 1,000 ಇತ್ತು. ಕರ್ತವ್ಯನಿಷ್ಠೆಗೆ ಕೊಟ್ಟ ಸೇನಾ ಮೆಡಲ್‌ಗೆ ಈ ಭತ್ಯೆ ಇಲ್ಲ, ಅಧಿಸೂಚನೆಯಲ್ಲಿ ಯಾವುದೆಂದು ಓದಿಕೊಳ್ಳಿ. ವಿಜಯ್ ಸ್ಟಾರ್‌ಗೂ ವೂಂಡ್ ಮೆಡಲ್‌ಗೂ ತಿಂಗಳ ಹಣ ಬರುವುದಿಲ್ಲ.

ಗೆಜೆಟ್‌ನಲ್ಲಿ ಇಲ್ಲದಿದ್ದರೆ ರೆಕಾರ್ಡ್ ಆಫೀಸ್ ಏನೂ ಮಾಡಲಾರದು. ಇಂಥ ಚರ್ಚೆಗಳಲ್ಲಿ ಯಾರಾದರೊಬ್ಬರು ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ತರುತ್ತಾರೆ. 1965ರ ಸೆಪ್ಟೆಂಬರ್ 7ರ ಸರ್ಗೋಧಾ ದಾಳಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆದರೆ ಅಲ್ಲಿ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಉರುಳಿಸಿದ ಸಂಗತಿ ಪಾಕಿಸ್ತಾನದ ಕಡೆಯ ವಿವರಗಳಿಂದಲೇ ಹೊರಬಿದ್ದಿತ್ತು, ವಾಯುಸೇನೆಯೂ ಸರ್ಕಾರವೂ ತಾವಾಗಿ ಮರುಪರಿಶೀಲಿಸಿದವು. ಅಷ್ಟು ಬಲದ ಹೊಸ ಸಾಕ್ಷ್ಯ ಇದ್ದರೆ ಮಾತ್ರ ಆ ದಾರಿ ಯೋಚಿಸಿ.

ವಿರಾಜಪೇಟೆ ತೋಟ

ಹೆಸರಿನ ವಿಷಯ ಯಾರೂ ಹೇಳಲಿಲ್ಲ. ಸಾರ್, ಸೇನೆಯ ದಾಖಲೆ ತಿದ್ದಿಸಲು ಹೋಗುವುದಕ್ಕಿಂತ ಆಧಾರ್ ಮತ್ತು ಪ್ಯಾನ್ ಅನ್ನು ದಾಖಲೆಯಲ್ಲಿರುವ ಹೆಸರಿಗೆ ತರುವುದು ಸುಲಭ. ನಮ್ಮಲ್ಲಿ ಮನೆಹೆಸರು ಮೊದಲು, ತಂದೆ ಹೆಸರು ನಂತರ, ಕೊನೆಗೆ ಸ್ವಂತ ಹೆಸರು. ಭರ್ತಿಯ ದಿನ ಅದನ್ನು ಎರಡಕ್ಷರಕ್ಕೆ ಇಳಿಸಿರುತ್ತಾರೆ, ಆಧಾರ್ ಕೇಂದ್ರದವರು ಬಿಡಿಸಿ ಬರೆದಿರುತ್ತಾರೆ. ಸ್ಪರ್ಶ್‌ನಲ್ಲಿ ಜೀವನ ಪ್ರಮಾಣ (ಬದುಕಿದ್ದೇವೆ ಎಂದು ಪಿಂಚಣಿದಾರರು ಕೊಡುವ ಪತ್ರ) ಸಿಕ್ಕಿಕೊಳ್ಳುವುದೂ ಇದೇ ಕಾರಣಕ್ಕೆ. ಆಧಾರ್ ಬದಲಿಸಲು ಆಗದಿದ್ದರೆ ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ ಮಾಡಿಸಿ ಪ್ರತಿ ಅರ್ಜಿಗೂ ಲಗತ್ತಿಸಿ.

ತೀರಿಕೊಂಡವರ ಪರವಾಗಿ ಕೇಳುವ ಮನೆಯವರು ಆರ್‌ಟಿಐ ಜೊತೆಗೆ ಮರಣ ಪ್ರಮಾಣಪತ್ರ ಮತ್ತು ಕುಟುಂಬ ಪಿಂಚಣಿಯ ಪಿಪಿಒ ಇಡಿ. ಇಲ್ಲದಿದ್ದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ವಾಪಸ್ ಬರುತ್ತದೆ. 1971ರಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಯಾವುದು ಸಲ್ಲುತ್ತದೆ ಎಂಬುದು ಯೂನಿಟ್ ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಪಿಂಚಣಿ ಇಲ್ಲದೆ ಬಂದವರ ಶೀಟ್ ರೋಲ್ ಅನ್ನು 25 ವರ್ಷದ ನಂತರ ನಾಶ ಮಾಡುತ್ತಾರೆ, ಆದರೆ ಲಾಂಗ್ ರೋಲ್ (ರೆಕಾರ್ಡ್ ಆಫೀಸ್‌ನ ಹೆಸರುಪಟ್ಟಿ ಪುಸ್ತಕ) ಶಾಶ್ವತ. 'ದಾಖಲೆ ನಾಶವಾಗಿದೆ' ಎಂದು ಉತ್ತರ ಬಂದರೆ ಲಾಂಗ್ ರೋಲ್‌ನ ಪ್ರತಿ ಕೇಳಿ ಇನ್ನೊಂದು ಅರ್ಜಿ ಹಾಕಿ.

ನಿವೃತ್ತಿಯ ನಂತರ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿ ಎರಡನೇ ಸೇವೆ ಮಾಡಿದವರು ಕೊಡಗಿನಲ್ಲಿ ಬಹಳ ಜನ ಇದ್ದಾರೆ. ನಿಮ್ಮ ಹಳೆಯ ಕಾಗದಗಳು ಕಣ್ಣೂರಿನ ಡಿಎಸ್‌ಸಿ ರೆಕಾರ್ಡ್ಸ್‌ಗೆ ಹೋಗಿರಬಹುದು. ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ನಾಸಿಕ್ ಅಥವಾ ವೆಲ್ಲಿಂಗ್ಟನ್‌ಗೆ ಬರೆಯಿರಿ.

ಕುಶಾಲನಗರ ಸಿಗ್ನಲ್ಸ್

ಇನ್ನೆರಡು ಮಾತು. ಮಕ್ಕಳ ಓದಿಗೆ ಕೇಂದ್ರೀಯ ಸೈನಿಕ ಮಂಡಳಿಯ ಆದ್ಯತಾ ಪಟ್ಟಿಯಲ್ಲಿ ಶೌರ್ಯ ಪ್ರಶಸ್ತಿ ಪಡೆದವರ ಮಕ್ಕಳಿಗೆ ಐದನೇ ಸ್ಥಾನ, ಅದರಲ್ಲಿ ಸೇನಾ ಮೆಡಲ್ ಮತ್ತು ಮೆನ್ಷನ್ ಇನ್ ಡಿಸ್ಪ್ಯಾಚಸ್ (ಯುದ್ಧ ವರದಿಯಲ್ಲಿ ಹೆಸರಿಸುವ ಗೌರವ) ಎರಡೂ ಬರುತ್ತವೆ. ಪ್ರಮಾಣಪತ್ರ ಕೊಡುವವರು ನೋಡುವುದು ಡಿಸ್ಚಾರ್ಜ್ ಬುಕ್ಕನ್ನೇ. ಹಾಗಾಗಿ ಇಂಥ ನಮೂದು ಬಿಟ್ಟುಹೋಗಿದ್ದರೆ ಸೀಟಿನ ಹೊತ್ತಿಗೆ ಓಡಾಡದೆ ಈಗಲೇ ಮಾಡಿಸಿ.

ರೆಕಾರ್ಡ್ ಆಫೀಸ್‌ನಿಂದ 'ಅರ್ಹರಲ್ಲ' ಎಂಬ ಲಿಖಿತ ಉತ್ತರ ಬಂದರೆ ಅದರ ದಿನಾಂಕ ಗುರುತು ಹಾಕಿಕೊಳ್ಳಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲು ಅಂತಿಮ ಆದೇಶದಿಂದ ಆರು ತಿಂಗಳ ಗಡುವು, ಕರ್ನಾಟಕದವರಿಗೆ ಕೊಚ್ಚಿ ಪೀಠ. ನಮೂದು ಆದ ಮೇಲೆ ಪದಕವನ್ನು ಪ್ರತ್ಯೇಕವಾಗಿ ಕೇಳಬೇಕು. ಅಸಲಿ ಪದಕದ ಅಂಚಿನ ಮೇಲೆ ನಿಮ್ಮ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ. ಅದು ಬರುವವರೆಗೆ ಅಂಗಡಿಯಲ್ಲಿ ಕೊಂಡದ್ದನ್ನು ಪರೇಡ್‌ಗೆ ಹಾಕಿಕೊಳ್ಳಿ, ಆದರೆ ಯಾವ ಕಚೇರಿಯಲ್ಲೂ ಅದನ್ನು ದಾಖಲೆ ಎಂದು ತೋರಿಸಬೇಡಿ.