ಸೈಕೋಸಿಸ್ ಇಳಿದ ಮೇಲೆ: ಮಾತ್ರೆ ಎಷ್ಟು ದಿನ, ಈ ಮಂಕು ಯಾಕೆ, ಮತ್ತೆ ಬರ್ತಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 24 ವರ್ಷ. ಐದು ತಿಂಗಳ ಹಿಂದೆ ಮೊದಲ ಸಲ ಸೈಕೋಸಿಸ್ (ಇಲ್ಲದ್ದು ಕೇಳೋ, ಇಲ್ಲದ್ದನ್ನ ನಿಜ ಅಂತ ನಂಬೋ ಕಾಯಿಲೆ) ಆಯ್ತು. ಅದಕ್ಕೆ ರಾತ್ರಿ ರಿಸ್ಪೆರಿಡೋನ್ ಮಾತ್ರೆ 4 ಮಿ.ಗ್ರಾಂ ತಗೊಳ್ತಾನೆ. ಯಾರೋ ಹಿಂಬಾಲಿಸ್ತಿದ್ದಾರೆ ಅನ್ನೋ ಭಯ, ಕಿವಿಗೆ ದನಿ ಬೀಳೋದು, ಎರಡೂ ನಿಂತು ಮೂರು ತಿಂಗಳಾಯ್ತು. ಆದರೆ 12 ತಾಸು ಮಲಗ್ತಾನೆ, ಯಾವುದರಲ್ಲೂ ಮನಸ್ಸಿಲ್ಲ. "ನಂಗೆ ವಾಸಿಯಾಗಿದೆ, ಹೀಗಾಗಿರೋದೇ ಮಾತ್ರೆಯಿಂದ, ಬಿಡ್ತೀನಿ" ಅಂತಾನೆ. ಅಪ್ಪ ಸೋಮಾರಿ ಅಂತ ಬಯ್ತಾರೆ. ಮಾತ್ರೆ ಬಿಡಬಹುದಾ?

ಉತ್ತರ (ಮನೋವೈದ್ಯೆ): ಈಗ ಬಿಡಬಾರದು. ಆದರೆ ನಿಮ್ಮ ತಮ್ಮ ಹೇಳ್ತಿರೋದನ್ನ ತಳ್ಳಿಹಾಕಲೂ ಬೇಡಿ. ಮಾತ್ರೆಯಿಂದ ಮಂಕು ಕವಿಯೋದು ನಿಜ. ಅದಕ್ಕೆ ಮದ್ದು ಡೋಸ್ ಸರಿಮಾಡಿಸಿಕೊಳ್ಳೋದು, ಕದ್ದು ನಿಲ್ಲಿಸೋದಲ್ಲ.

ಲಕ್ಷಣ ಹೋದ ಮೇಲೂ 1ರಿಂದ 2 ವರ್ಷ ಮಾತ್ರೆ ಮುಂದುವರಿಸಿ ಅಂತ ನಾವು ಹೇಳೋದಕ್ಕೆ ಕಾರಣ ಇದೆ. ಮೊದಲ ಸಲದಿಂದ ಗುಣವಾದವರನ್ನ 5 ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಿಗೆ ಮರುಕಳಿಸುವ ಅಪಾಯ ಸುಮಾರು 5 ಪಟ್ಟು ಹೆಚ್ಚಿತ್ತು. ಜನ ಮೋಸ ಹೋಗೋದು ಎಲ್ಲಿ ಅಂದರೆ, ಬಿಟ್ಟ ಮರುದಿನ ಏನೂ ಆಗಲ್ಲ. ಎಷ್ಟೋ ಸಲ ಮೊದಲ ವಾರಗಳಲ್ಲಿ ಹಾಯೆನಿಸುತ್ತೆ. ತೂಕಡಿಕೆ ಹೋಗುತ್ತೆ, ಮುಖದಲ್ಲಿ ಕಳೆ ಬರುತ್ತೆ. "ನೋಡಿದ್ರಾ, ಬೇಕೇ ಇರಲಿಲ್ಲ" ಅನ್ನಿಸುತ್ತೆ. ಕಾಯಿಲೆ ತಿರುಗಿ ಬರೋದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟಿದ್ದಕ್ಕೂ ಇದಕ್ಕೂ ನಂಟಿದೆ ಅಂತ ಯಾರಿಗೂ ಹೊಳೆಯಲ್ಲ.

ಈಗ ಮಂಕಿನ ವಿಚಾರ. ಹೊರಗಿಂದ ಒಂದೇ ಥರ ಕಂಡರೂ ಅದಕ್ಕೆ ಬೇರೆಬೇರೆ ಕಾರಣ ಇರುತ್ತೆ. ತಮ್ಮ ನಡೆದು ಬರುವಾಗ ಸುಮ್ಮನೆ ಕೈ ನೋಡಿ. ತೋಳು ಬೀಸದೆ ಮೈಗಂಟಿದ ಹಾಗೆ ಇದ್ದು, ಮುಖ ಬಿಗಿದು, ಅಕ್ಷರ ಮೊದಲಿಗಿಂತ ಸಣ್ಣದಾಗಿದ್ದರೆ ಅದು ಔಷಧದ ಬಿಗಿತ, ಡೋಸ್ ಹೆಚ್ಚಾಗಿರಬಹುದು. ಕೂತಲ್ಲಿ ಕೂರಲಾಗದೆ ಕಾಲು ಅಲ್ಲಾಡಿಸ್ತಾ, ಮನೆಯೊಳಗೇ ಶತಪಥ ಹಾಕ್ತಿದ್ದರೆ ಅದು ಅಕಥೀಸಿಯಾ. ಇದನ್ನ ಕಾಯಿಲೆ ಉಲ್ಬಣಿಸಿದೆ ಅಂದುಕೊಂಡು ಡೋಸ್ ಏರಿಸಿದರೆ ಇನ್ನೂ ಕೆಡುತ್ತೆ. ಡೋಸ್ ಇಳಿಸಿ ಅಥವಾ ಪ್ರೊಪ್ರನೊಲಾಲ್ ಅನ್ನೋ ಔಷಧ ಕೊಟ್ಟು ಸರಿಮಾಡ್ತಾರೆ. ಆಸ್ತಮಾ ಇದ್ದರೆ ಮೊದಲೇ ಹೇಳಿ, ಅವರಿಗೆ ಪ್ರೊಪ್ರನೊಲಾಲ್ ಆಗಲ್ಲ. ಬೆಳಿಗ್ಗೆ ಏಳೋಕಾಗದೆ ಮಧ್ಯಾಹ್ನದ ಹೊತ್ತಿಗೆ ಗೆಲುವಾಗ್ತಾರೆ ಅಂದರೆ ಅದು ಔಷಧದ ನಿದ್ದೆ. ಮಾತ್ರೆಯನ್ನ ಎರಡು ತಾಸು ಮುಂಚೆ ತಗೋಬಹುದಾ ಅಂತ ಕೇಳಿ.

ಇದ್ಯಾವುದೂ ಅಲ್ಲದೆ, "ಇನ್ನು ನನ್ನ ಬದುಕು ಮುಗೀತು" ಅನ್ನೋ ಮಾತು ಬರ್ತಿದ್ದರೆ ಅದು ಖಿನ್ನತೆ. ಭ್ರಮೆ ಇಳಿದು ನಡೆದದ್ದೆಲ್ಲ ಅರ್ಥವಾಗೋ ಕಾಲದಲ್ಲಿ ಇದು ತುಂಬಾ ಕಾಣುತ್ತೆ. ಆತ್ಮಹತ್ಯೆಯ ಅಪಾಯವೂ ಮೊದಲ ವರ್ಷದಲ್ಲೇ ಹೆಚ್ಚು. "ಸಾಯೋ ಯೋಚನೆ ಬರುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಅವತ್ತೇ ವೈದ್ಯರಿಗೆ ತಿಳಿಸಿ, ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರೋ ಮಾತ್ರೆಗಳೆಲ್ಲ ನಿಮ್ಮ ಹತ್ತಿರ ಇರಲಿ.

ಇನ್ನೊಂದು ಮಾತು ಅಕ್ಕನಾದ ನಿಮ್ಮ ಮುಂದೆ ತಮ್ಮನ ಬಾಯಿಂದ ಬರಲಾರದು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸುತ್ತೆ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತೆ, ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು. ಮಾತ್ರೆ ಬಿಡೋಕೆ ಬಾಯಿಬಿಟ್ಟು ಹೇಳದ ಕಾರಣ ಹಲವರಲ್ಲಿ ಇದೇ. ಮುಂದಿನ ಸಲ ಹತ್ತು ನಿಮಿಷ ತಮ್ಮ ಒಬ್ಬರೇ ವೈದ್ಯರ ಹತ್ತಿರ ಮಾತಾಡಲಿ. ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನಂಶ ಮೂರು ತಿಂಗಳಿಗೆ ನೋಡಿರಬೇಕಿತ್ತು. ಆಗಿಲ್ಲದಿದ್ದರೆ ಈಗ ಮಾಡಿಸಿ.

ಮೊದಲ ಸಲದವರಿಗೆ ರಿಸ್ಪೆರಿಡೋನ್ 2-3 ಮಿ.ಗ್ರಾಂ ಸಾಕಾಗೋದೇ ಹೆಚ್ಚು, ಹಾಗಾಗಿ "ಇಳಿಸಬಹುದಾ?" ಅನ್ನೋದು ಖಂಡಿತ ಕೇಳಬೇಕಾದ ಪ್ರಶ್ನೆ. 4ರಿಂದ 3ಕ್ಕೆ ಇಳಿದರೆ ಮೆದುಳಲ್ಲಿ ಆಗೋ ವ್ಯತ್ಯಾಸ ಸಣ್ಣದು. 1ರಿಂದ ಸೊನ್ನೆಗೆ ಇಳಿಯೋದು ತುಂಬಾ ದೊಡ್ಡದು. ಅದಕ್ಕೇ ಮುಂದೆ ಪೂರ್ತಿ ನಿಲ್ಲಿಸೋ ಕಾಲ ಬಂದಾಗಲೂ ಕೆಳಗಿನ ಮೆಟ್ಟಿಲು ಚಿಕ್ಕಚಿಕ್ಕದಿರಬೇಕು, ಒಂದೊಂದರಲ್ಲೂ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲಬೇಕು. ಅಷ್ಟು ಸಣ್ಣ ಅಳತೆಗೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರೋ ದ್ರವರೂಪದ ಔಷಧ ಅನುಕೂಲ. ನಿಲ್ಲಿಸಿದ ಮೇಲೂ ಕನಿಷ್ಠ 2 ವರ್ಷ ಕಣ್ಣಿಟ್ಟಿರಬೇಕು.

ಅಪ್ಪನಿಗೆ ಹೇಳಿ, ಇದು ಸೋಮಾರಿತನ ಅಲ್ಲ. ದಿನವಿಡೀ ಟೀಕೆ, ಸಿಡುಕು ಇರೋ ಮನೆಯಲ್ಲಿ ಕಾಯಿಲೆ ಮರುಕಳಿಸೋದು ಹೆಚ್ಚು ಅಂತ ಹಲವು ದಶಕಗಳ ಅಧ್ಯಯನ ತೋರಿಸಿದೆ. ಅತಿಯಾಗಿ ಮುದ್ದಿಸಿ ಕಾವಲು ಕಾಯೋದೂ ಅಷ್ಟೇ ಭಾರ. "ಎಷ್ಟು ಹೊತ್ತು ಮಲಗ್ತೀಯೋ" ಅನ್ನೋ ಬದಲು "ಹತ್ತು ಗಂಟೆಗೆ ಗಿಡಕ್ಕೆ ನೀರು ಹಾಕ್ತೀಯಾ?" ಅನ್ನಲಿ. ದಿನಕ್ಕೆ ಒಂದೇ ಕೆಲಸ, ಗೊತ್ತಾದ ಹೊತ್ತು. ಎರಡು ವಾರ ನಡೆದರೆ ಎರಡನೇದು ಸೇರಿಸಿ.

ಪ್ರಶ್ನೆ (ಇನ್ನೊಬ್ಬರು): ಮೂರು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ, ಆದರೂ ನನಗೆ ದನಿ ಪೂರ್ತಿ ನಿಂತಿಲ್ಲ. ಕೆಲಸದ ಜಾಗದಲ್ಲಿ ಏನು ಮಾಡಲಿ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ದನಿ ಇದ್ದೂ ಕೆಲಸ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಒಂದು ವಾರ ಚೀಟಿಯಲ್ಲಿ ಗುರುತು ಹಾಕಿ: ಎಷ್ಟು ಹೊತ್ತಿಗೆ, ಎಲ್ಲಿ, ಆಗ ಏನು ಮಾಡ್ತಿದ್ರಿ, ಹಿಂದಿನ ರಾತ್ರಿ ನಿದ್ದೆ ಎಷ್ಟು. ನಿದ್ದೆಗೆಟ್ಟ ಮರುದಿನವೋ, ಸುಮ್ಮನೆ ಕೂತಾಗಲೋ, ಗದ್ದಲದಲ್ಲೋ ಅನ್ನೋದು ಹೊರಬೀಳುತ್ತೆ. ಬಾಯಲ್ಲಿ ಸಣ್ಣಗೆ ಗುನುಗೋದು, ಎದುರಿಗಿರೋದನ್ನ ಪಿಸುಗುಟ್ಟಿ ಓದೋದು ಹಲವರಿಗೆ ಕೂಡಲೇ ಉಪಯೋಗಕ್ಕೆ ಬರುತ್ತೆ, ಮಾತಿಗೆ ಬೇಕಾದ ನಾಲಿಗೆ, ಗಂಟಲು ಬೇರೆ ಕೆಲಸದಲ್ಲಿರುತ್ತವಲ್ಲ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ನೋಡಿ. ದನಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಫೋನ್ ಕಿವಿಗಿಟ್ಟುಕೊಂಡು "ಸಂಜೆ ಏಳಕ್ಕೆ ಬಾ" ಅನ್ನಿ, ಏಳಕ್ಕೆ 15 ನಿಮಿಷ ಕೊಡಿ. ಬೈಯುತ್ತಾ ತಿರುಗಿ ಕೂಗಾಡಿದರೆ ದನಿ ಜೋರಾಗೋದೇ ಹೆಚ್ಚು. ನಿಮಗೋ ಬೇರೆಯವರಿಗೋ ಹಾನಿ ಮಾಡು ಅಂತ ದನಿ ಹೇಳಿದರೆ ಇದ್ಯಾವುದೂ ಬೇಡ, ತಕ್ಷಣ ವೈದ್ಯರನ್ನ ಕಾಣಿ. ಎರಡು ಔಷಧ ಸರಿಯಾದ ಡೋಸ್‌ನಲ್ಲಿ ನೋಡಿಯೂ ಫಲ ಸಿಕ್ಕಿಲ್ಲ ಅಂದರೆ ಕ್ಲೋಝಪಿನ್ ಅನ್ನೋ ಔಷಧದ ಬಗ್ಗೆ ವೈದ್ಯರನ್ನ ಕೇಳಿ.

ಉತ್ತರ (ಫಾರ್ಮಸಿಸ್ಟ್): ಇದಕ್ಕೆ ಸೇರಿಸ್ತೀನಿ. ಕ್ಲೋಝಪಿನ್ 48 ತಾಸಿಗಿಂತ ಹೆಚ್ಚು ತಪ್ಪಿದರೆ ಹಳೇ ಡೋಸ್ ನೇರ ನುಂಗಬೇಡಿ, ರಕ್ತದೊತ್ತಡ ದಿಢೀರ್ ಕುಸಿಯಬಹುದು. ವೈದ್ಯರು 12.5 ಮಿ.ಗ್ರಾಂನಿಂದ ಮತ್ತೆ ಶುರುಮಾಡ್ತಾರೆ. ಮಲಬದ್ಧತೆ ಆದರೆ ತಡಮಾಡಬೇಡಿ, ಈ ಔಷಧದಲ್ಲಿ ಅದು ಪ್ರಾಣಕ್ಕೇ ಬರಬಹುದು. ಸಿಗರೇಟ್ ಬಿಡೋರು ಮೊದಲೇ ತಿಳಿಸಿ. ಹೊಗೆ ನಿಂತರೆ ಕ್ಲೋಝಪಿನ್, ಓಲಾನ್ಝಪಿನ್ (ಸೈಕೋಸಿಸ್‌ಗೆ ಕೊಡೋ ಇನ್ನೊಂದು ಮಾತ್ರೆ) ಎರಡೂ ರಕ್ತದಲ್ಲಿ ಏರುತ್ತವೆ. ಯಾವ ಮಾತ್ರೆಯೇ ಆಗಲಿ, ನಿನ್ನೆಯದು ಮರೆತಿದ್ದಕ್ಕೆ ಇವತ್ತು ಎರಡು ಬೇಡ.

ಪ್ರಶ್ನೆ (ಮೊದಲಿನವರು): ಡೋಸ್ ಇಳಿಸಬಹುದಾ ಅಂತ ಕೇಳೋಕೆ ತಮ್ಮ ಒಪ್ಪಿದ್ದಾನೆ. ಕಾಯಿಲೆ ಮತ್ತೆ ಬರ್ತಿದೆ ಅನ್ನೋ ಮುನ್ಸೂಚನೆಯ ಪಟ್ಟಿ ಅವನೇ ಬರೆದ: 1. ಕೋಪ. 2. ನಿದ್ದೆ ನಾಲ್ಕು ತಾಸಿಗೆ ಇಳಿಯೋದು. 3. ಫೋನಿನ ಕ್ಯಾಮೆರಾಗೆ ಟೇಪ್ ಹಚ್ಚೋದು. 4. ಟಿವಿಯವರು ನನ್ನ ಬಗ್ಗೆ ಮಾತಾಡೋದು. ಸರಿಯಿದೆಯಾ?

ಉತ್ತರ (ಮನೋವೈದ್ಯೆ): ಅವರೇ ಬರೆದಿದ್ದು ಬಹಳ ಒಳ್ಳೇದಾಯ್ತು. 2 ಮತ್ತು 3 ಹಾಗೇ ಇರಲಿ, ಕಣ್ಣಿಗೆ ಕಾಣುವಂಥವು, ಎಣಿಸಬಹುದಾದಂಥವು. ಕೋಪ ತೆಗೆಸಿ. ಅದು ಎಲ್ಲರಿಗೂ ಬರುತ್ತೆ, ಪ್ರತಿ ಜಗಳವೂ ಕಾಯಿಲೆಯ ಲೆಕ್ಕಕ್ಕೆ ಹೋದರೆ ಅವರಿಗೆ ಅನ್ಯಾಯ. ನಾಲ್ಕನೇದು ಮುನ್ಸೂಚನೆ ಅಲ್ಲ, ಆಗಲೇ ಕಾಯಿಲೆ ಬಂದುಬಿಟ್ಟಿರುತ್ತೆ. ಹೋದ ಸಲ ಅದಕ್ಕೂ ಎರಡು-ಮೂರು ವಾರ ಮುಂಚೆ ಏನು ಬದಲಾಗಿತ್ತು? ಊಟ ಕೋಣೆಗೆ ತಗೊಂಡು ಹೋದರಾ, ಸ್ನೇಹಿತರ ಫೋನ್ ಎತ್ತೋದು ಬಿಟ್ಟರಾ? ಅದನ್ನ ಅಲ್ಲಿ ಬರೀರಿ. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು "ಯಾವುದಾದರೂ ಎರಡು, ಸತತ ಮೂರು ದಿನ ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು" ಅಂತ ತಮ್ಮನ ಕೈಯಿಂದಲೇ ಬರೆಸಿ, ಅಪ್ಪನಿಗೂ ಒಂದು ಪ್ರತಿ ಕೊಡಿ.