ಪಾಲೊಲೆಮ್ ಹತ್ತಿರದ ಗಾಲಜೀಬಾಗ್: ಮನೆಮಂದಿಯೊಂದಿಗೆ ಒಂದು ದಿನ

ಪ್ರಶ್ನೆ (ಹುಬ್ಬಳ್ಳಿ): ಜನವರಿಯಲ್ಲಿ ನಾಲ್ಕು ದಿನ ದಕ್ಷಿಣ ಗೋವಾದ ಪಾಲೊಲೆಮ್‌ನಲ್ಲಿ ಇರ್ತೀವಿ. ಅಲ್ಲಿ ಗದ್ದಲ ಜಾಸ್ತಿ ಅಂತ ಕೇಳಿದ್ದೀವಿ. ಒಂದು ದಿನ ಗಾಲಜೀಬಾಗ್ ಕಡಲತೀರದ ಕಡೆ ಹೋಗೋಣ ಅಂತ ಇದೆ. ಜೊತೆಗೆ 72 ವರ್ಷದ ಅತ್ತೆ, 8 ವರ್ಷದ ಮಗ. ನಮ್ಮದೇ ಕಾರು. ಏನೇನು ತಯಾರಿ ಬೇಕು? ಹೋಗಿ ಬಂದವರು ಹೇಳಿ.

ಕಾರವಾರದಿಂದ: ಮೇಡಂ, ಮೊದಲು ದಾರಿ. ಊರು ಇರುವುದು ಎರಡು ಹೊಳೆಗಳ ನಡುವೆ: ಉತ್ತರಕ್ಕೆ ತಳಪಣ ಹೊಳೆ, ದಕ್ಷಿಣಕ್ಕೆ ಗಾಲಜೀಬಾಗ್ ಹೊಳೆ, ಪಶ್ಚಿಮಕ್ಕೆ ಕಡಲು. ಪಾಲೊಲೆಮ್‌ನಿಂದ ಚಾವಡಿ ಪೇಟೆಗೆ ಬಂದು ದಕ್ಷಿಣಕ್ಕೆ ತಿರುಗಿ; ಸುಮಾರು ಅರ್ಧ ಗಂಟೆ. ಹೆಚ್ಚಿನವರು ತಪ್ಪುವುದು 2019ರಲ್ಲಿ ತೆರೆದ ಕಾಣಕೋಣ ಬೈಪಾಸಿನಲ್ಲಿ. ರಸ್ತೆ ಚೆನ್ನಾಗಿದೆ ಅಂತ ಓಡಿಸಿದರೆ ಎರಡೂ ಸೇತುವೆ ದಾಟಿ ಮಾಶೆಂ ಸೇರಿಬಿಡುತ್ತೀರಿ. ಎರಡನೇ ಹೊಳೆ ದಾಟಿದಿರಿ ಎಂದರೆ ಊರು ಹಿಂದೆ ಉಳಿಯಿತು ಎಂದೇ ಲೆಕ್ಕ. ಇಂಗ್ಲಿಷ್ ಬೋರ್ಡ್ ನೋಡಿ ‘ಗಲ್ಗಿಬಾಗ’ ಎಂದು ಕೇಳಬೇಡಿ, ಊರವರ ಬಾಯಲ್ಲಿ ಅದು ಗಾಲಜೀಬಾಗ್.

ಇನ್ನೊಂದು ಮಾತು. ಈ ಕಡಲತೀರ ಪಾಲೊಲೆಮ್‌ಗಿಂತ ದಕ್ಷಿಣಕ್ಕೆ, ಅಂದರೆ ನಮ್ಮ ಕಾರವಾರದ ಕಡೆಗೇ ಇದೆ. ಹಾಗಾಗಿ ವಾಪಸ್ ಬರುವ ದಿನ ನೋಡಿಕೊಂಡು ಬಂದರಾಯಿತು ಎನ್ನಿಸುತ್ತದೆ. ಹಾಗೆ ಮಾಡಬೇಡಿ. ಕಾರಿನ ತುಂಬ ಸಾಮಾನು, ಮೈಯೆಲ್ಲ ಮರಳು, ಆಮೇಲೆ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಬೇಕು. ವಯಸ್ಸಾದವರಿಗೆ ಬಹಳ ದಣಿವು. ಇದಕ್ಕೆಂದೇ ಒಂದು ದಿನ ಇಡಿ.

ಕಾಣಕೋಣದಿಂದ: ಚಾವಡಿಯಲ್ಲೇ ಎಲ್ಲ ಮುಗಿಸಿಕೊಳ್ಳಿ: ನಗದು, ಪೆಟ್ರೋಲು, ಔಷಧಿ, ತಲಾ ಎರಡರಿಂದ ಮೂರು ಲೀಟರ್ ನೀರು. ದಂಡೆಗೆ ಹೋದಮೇಲೆ ತರುತ್ತೇವೆ ಎಂದರೆ ಹತ್ತಿರದಲ್ಲಿ ಅಂಗಡಿಸಾಲು ಇಲ್ಲ. ಪಾಲೊಲೆಮ್‌ನ ಹಾಗೆ ಸಾಲು ಕುರ್ಚಿ, ಛತ್ರಿಯೂ ಸಿಗುವುದಿಲ್ಲ. ಮಡಿಸುವ ಕುರ್ಚಿ ಒಂದು ಅತ್ತೆಯವರಿಗೆ ಬೇಕೇ ಬೇಕು.

ಕುರ್ಚಿಯನ್ನು ಮರಳಿನ ಮೇಲೆ ಹಾಕಬೇಡಿ, ಕಾಲು ಹೂತು ಒಂದೇ ಕಡೆ ವಾಲುತ್ತದೆ. ದಂಡೆಯುದ್ದಕ್ಕೂ ಗಾಳಿಮರದ ತೋಪಿದೆ, ಅದರೊಳಗೆ ನೆಲ ಗಟ್ಟಿ, ನೆರಳೂ ಇದೆ. ಆದರೆ ಅಲ್ಲಿ ಬರಿಗಾಲು ಬೇಡ. ಉದುರಿದ ಕಡ್ಡಿಯೆಲೆ ಕಾಲಿಗೆ ಮೆತ್ತಗೆ ಅನ್ನಿಸಿದರೂ ಅದರಡಿ ಗೋಲಿಯಷ್ಟು ದೊಡ್ಡ ಒಣಕಾಯಿಗಳು ಅಡಗಿರುತ್ತವೆ. ಮೈತುಂಬ ಮೊನೆ, ಅಂಗಾಲಿಗೆ ಚುಚ್ಚುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಸರಿ. ಹವಾಯಿ ಚಪ್ಪಲಿ ಆ ಕಡ್ಡಿಯೆಲೆಯ ಮೇಲೆ ಜಾರುತ್ತದೆ.

ಊಟ: ಇಲ್ಲಿನ ಹೊಳೆಬಾಯಿಯ ಕಲ್ವ, ತಿಸ್ರಿ ಎಂಬ ಚಿಪ್ಪುಮೀನುಗಳು ಹೆಸರಾದವು. ಇರುವುದು ಬೆರಳೆಣಿಕೆಯ ಹೋಟೆಲು, ಹೇಳಿದ ಮೇಲೆಯೇ ಒಲೆ ಹೊತ್ತಿಸುತ್ತಾರೆ. ಬಂದ ಕೂಡಲೇ ಊಟ ಹೇಳಿ ನೀರಿಗೆ ಇಳಿಯಿರಿ. ಮಗುವಿಗೆ, ಹಿರಿಯರಿಗೆ ಹಸಿ ಕಲ್ವ ಕೊಡಲೇಬೇಡಿ, ಚೆನ್ನಾಗಿ ಬೆಂದದ್ದು ಮಾತ್ರ. ಸಸ್ಯಾಹಾರಿಗಳಾದರೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬನ್ನಿ.

ಅಂಕೋಲಾದಿಂದ: ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಗು ಇದೆಯಲ್ಲ. ಹೊಳೆ ಕಡಲು ಸೇರುವ ಜಾಗ ನೋಡಲು ಆಳವಿಲ್ಲದ ಕೆರೆಯ ಹಾಗೆ ಶಾಂತ. ಮಕ್ಕಳನ್ನು ಅಲ್ಲೇ ಬಿಡುವವರು ಹೆಚ್ಚು, ಅಪಾಯವೂ ಅಲ್ಲೇ. ಇಳಿತದ ಹೊತ್ತಿಗೆ ಹೊಳೆಯೊಳಗೆ ತುಂಬಿದ್ದ ನೀರೆಲ್ಲ ಆ ಕಿರಿದಾದ ಬಾಯಿಂದ ಕಡಲಿಗೆ ನುಗ್ಗುತ್ತದೆ. ಮೊಣಕಾಲುದ್ದದ ನೀರೇ ದೊಡ್ಡವರ ಕಾಲಡಿಯ ಮರಳು ಕಿತ್ತು ಬೀಳಿಸುತ್ತದೆ. ಎರಡೂ ತುದಿ ಬಿಟ್ಟು ದಂಡೆಯ ನಡುಭಾಗದಲ್ಲೇ ಇರಿ.

ನಡುವಿನಲ್ಲೂ ಇಳಿಯುವ ಮುನ್ನ ಹತ್ತು ನಿಮಿಷ ನಿಂತು ಅಲೆ ನೋಡಿ. ಎರಡೂ ಪಕ್ಕದಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ನಯವಾಗಿ, ಕಪ್ಪಗೆ ಕಂಡರೆ ಅದು ಒಳಕ್ಕೆ ಎಳೆಯುವ ಸೆಳೆತ. ಸಿಕ್ಕಿಕೊಂಡರೆ ದಂಡೆಗೆ ನೇರವಾಗಿ ಈಜಬೇಡಿ; ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬನ್ನಿ, ಆಮೇಲೆ ದಡಕ್ಕೆ. ಮಗ ಸೊಂಟದುದ್ದಕ್ಕಿಂತ ಮುಂದೆ ಹೋಗಬಾರದು, ದೊಡ್ಡವರೊಬ್ಬರು ಅವನಿಗಿಂತ ಕಡಲ ಕಡೆಗೆ ನಿಂತಿರಬೇಕು. ಜೀವರಕ್ಷಕರು ಕಾಣದಿದ್ದರೆ ಅಂದು ಕಾಲು ತೋಯಿಸಿದರೆ ಸಾಕು.

ಭರತ-ಇಳಿತದ ವೇಳೆಗೆ ಕಾರವಾರ ಅಥವಾ ಮುರಗಾಂವ್ ಬಂದರಿನ ಪಟ್ಟಿ ನೋಡಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ವೇಳೆ ಇಂದಿಗೆ ಸರಿಯಾಗದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ಸೂರ್ಯಾಸ್ತ ನೋಡಿಕೊಂಡು, ಕತ್ತಲಾದ ಮೇಲೆ ಆಮೆ ಬರುತ್ತವಾ ಅಂತ ಸ್ವಲ್ಪ ಹೊತ್ತು ಕಾಯಬಹುದಾ? ಮಗನಿಗೆ ಬಹಳ ಆಸೆ.

ಕಾಣಕೋಣದಿಂದ: ಸೂರ್ಯಾಸ್ತ ನೋಡಿ, ಕೂಡಲೇ ಹೊರಡಿ ಅಕ್ಕ. ಈ ದಂಡೆ ಇಷ್ಟು ನಿಶ್ಶಬ್ದವಾಗಿ ಉಳಿದಿರುವುದೇ ಆ ಆಮೆಗಳಿಂದ. ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಡುವ ದಂಡೆ ಇದು, ಸುಮಾರು ನವೆಂಬರಿನಿಂದ ಮಾರ್ಚ್‌ವರೆಗೆ ಅದರ ಕಾಲ. ನೀವು ಬರುವುದು ಅದರ ನಡುವೆ. ತಾಯಿಯಾಮೆ ರಾತ್ರಿ ಬರುತ್ತದೆ. ದಂಡೆಯಲ್ಲಿ ಜನ ಓಡಾಡಿದರೆ, ಟಾರ್ಚೋ ಮೊಬೈಲೋ ಹೊಳೆದರೆ, ಮೊಟ್ಟೆಯಿಡದೆ ಕಡಲಿಗೆ ತಿರುಗಿಬಿಡಬಹುದು. ಸುಮಾರು 45ರಿಂದ 60 ದಿನಕ್ಕೆ ಹೊರಬರುವ ಮರಿಗಳು ಬೆಳಕಿರುವ ದಿಕ್ಕಿಗೇ ಹೋಗುತ್ತವೆ. ಹಿಂದೆಲ್ಲ ರಾತ್ರಿಯಲ್ಲಿ ಬೆಳಕಿದ್ದದ್ದು ಕಡಲ ಮೇಲೆ ಮಾತ್ರ. ಈಗ ಕಾರಿನ ದೀಪ ಕಂಡರೆ ರಸ್ತೆಗೆ ಹತ್ತಿ ಸಾಯುತ್ತವೆ.

ಮಗನಿಗೆ ಬೆಳಿಗ್ಗೆ ತೋರಿಸಿ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಗುರುತು ಮಾಡಿರುತ್ತಾರೆ, ದೂರದಿಂದ ನೋಡಬಹುದು. ಬೇಗ ಹೋದರೆ, ಅದೃಷ್ಟವಿದ್ದರೆ, ತಾಯಿ ಬಂದು ಹೋದ ಜಾಡೂ ಸಿಗುತ್ತದೆ: ಟ್ರ್ಯಾಕ್ಟರ್ ಗಾಲಿ ಒಂದೇ ಒಂದು ಹಾದುಹೋದ ಹಾಗೆ, ಎಡಗಾಲಿನ ಗೀರು ಒಂದು, ಬಲಗಾಲಿನದು ಒಂದು, ಬಿಟ್ಟು ಬಿಟ್ಟು ಮೂಡಿರುತ್ತದೆ. ಅದನ್ನು ತುಳಿಯಬೇಡಿ, ಗೂಡು ಹುಡುಕುವವರಿಗೆ ಅದೇ ಗುರುತು. ಬಲೆಯಿಲ್ಲದ ಗೂಡು ಕಣ್ಣಿಗೆ ಬಿದ್ದರೆ ಇಲಾಖೆಯವರಿಗೆ ಹೇಳಿ.

ಉಳಿದ ರೊಟ್ಟಿ, ಮೀನಿನ ಮುಳ್ಳು ಒಂದು ಚೂರೂ ದಂಡೆಯಲ್ಲಿ ಬಿಡಬೇಡಿ, ನಾಯಿಗಳಿಗೂ ಹಾಕಬೇಡಿ. ತಿನಿಸಿಗೆ ಬಂದ ನಾಯಿ ಅಲ್ಲೇ ಉಳಿದು ರಾತ್ರಿ ಗೂಡು ಅಗೆಯುತ್ತದೆ. ಕಾರನ್ನು ತೋಪಿನ ಆಚೆಯೇ ನಿಲ್ಲಿಸಿ. ಮರಳಿಗೆ ಇಳಿಸುವುದು ಕಾನೂನಿಗೆ ವಿರುದ್ಧ, ಮೇಲಾಗಿ ಗಾಲಿಯ ಭಾರಕ್ಕೆ ಮರಳು ಬಿಗಿದು ಕೆಳಗಿನ ಮರಿ ಮೇಲೆ ಬರಲಾರದು.

ಕಾರವಾರದಿಂದ: ಒಂದು ಮರೆತಿದ್ದೆ. ಅಂಬಲಿ ಮೀನು (ಜೆಲ್ಲಿಫಿಶ್) ಚುರುಕು ಮುಟ್ಟಿಸಿದರೆ ಉಜ್ಜಬೇಡಿ, ಬಾಟಲಿ ನೀರು ಸುರಿಯಬೇಡಿ, ಉರಿ ಹೆಚ್ಚುತ್ತದೆ. ಕಡಲ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ಆಮೇಲೆ ಸಹಿಸುವಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಿ. ಹೋಟೆಲಿನಲ್ಲಿ ಕೇಳಿದರೆ ಬಿಸಿನೀರು ಕೊಡುತ್ತಾರೆ. ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಚಾವಡಿಯ ಆಸ್ಪತ್ರೆಗೆ.