ಸೀಸದ ಕಾಯಿಲೆಗೆ ನಲವತ್ತು ಸಾವಿರ ಕೊಟ್ಟು ಸಹಿ ಕೇಳ್ತಿದ್ದಾರೆ, ಏನು ಮಾಡೋದು?

ಕೇಳಿದವರು, ದಾಸರಹಳ್ಳಿಯಿಂದ:

ನಮ್ಮಣ್ಣನಿಗೆ 40 ವರ್ಷ. ಪೀಣ್ಯದ ಹತ್ತಿರ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಡೆ ಆರು ವರ್ಷದಿಂದ ಕೆಲಸ. ಒಂದು ವರ್ಷದಿಂದ ಹೊಟ್ಟೆ ಹಿಂಡೋ ನೋವು, ರಕ್ತ ಕಮ್ಮಿ, ಈಗ ಬಲಗೈ ಮಣಿಕಟ್ಟು ಎತ್ತೋಕೇ ಆಗ್ತಿಲ್ಲ. ರಕ್ತದಲ್ಲಿ ಸೀಸ 58 (ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕ) ಅಂತ ರಿಪೋರ್ಟ್ ಬಂದಿದೆ. ತಿಂಗಳಿಗೆ 18,000 ಸಂಬಳ, ಕೈಗೇ ಕೊಡ್ತಾರೆ, ಇಎಸ್‌ಐ ಕಾರ್ಡ್ ಇಲ್ಲ. ಮಾಲೀಕರು 40,000 ಕೊಡ್ತೀವಿ, ಛಾಪಾ ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ. ತಗೊಂಡುಬಿಡೋಣ ಅಂತಾರೆ ಅತ್ತಿಗೆ. ಒಬ್ಬ ವಕೀಲರು ಬಂದಿದ್ದರಲ್ಲಿ ಅರ್ಧ ನಂಗೆ ಅಂದ್ರು. ಇಂಥದ್ದನ್ನ ಅನುಭವಿಸಿದವರು ದಯವಿಟ್ಟು ಹೇಳಿ.

ಲಗ್ಗೆರೆಯಿಂದ:

ತಂಗಿ, ಆ ಕಾಗದಕ್ಕೆ ಅಣ್ಣ ಸಹಿ ಹಾಕೋದು ಬೇಡ. ಅತ್ತಿಗೆಯ ಸಂಕಟ ನನಗೆ ಗೊತ್ತು. ಅಂಗಡಿ ಬಾಕಿ, ಬಾಡಿಗೆ, ಮಕ್ಕಳ ಫೀಸು ಎಲ್ಲಾ ಒಟ್ಟಿಗೆ ಬಂದು ನಿಂತಿರುತ್ತೆ. ನಾನೂ ಅಲ್ಲೇ ನಿಂತಿದ್ದೆ.

ನಮ್ಮ ಮನೆಯವರದ್ದೂ ಇದೇ ಕೆಲಸ, ಒಂಬತ್ತು ವರ್ಷ. ಒಂದು ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟೆ, ಮಣಿಕಟ್ಟು ಹಾಗೇ ಕೆಳಗೆ ಬಾಗಿ ಕಾಫಿಯೆಲ್ಲಾ ಚಾಪೆ ಮೇಲೆ ಚೆಲ್ಲಿತು. ಎಲ್ಲಿಟ್ಟಿದೀರಿ ಗಮನ ಅಂತ ರೇಗಿಬಿಟ್ಟೆ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತೆ. ಅದಕ್ಕೂ ಮುಂಚೆ ಹನ್ನೊಂದು ತಿಂಗಳು ಹೊಟ್ಟೆನೋವು ಅಂತ ಮೂರು ಕ್ಲಿನಿಕ್ ಸುತ್ತಿದ್ವಿ. ಎಲ್ಲಾ ಕಡೆ ಗ್ಯಾಸ್ಟ್ರಿಕ್ ಅಂತ ಬರೆದು ಮಾತ್ರೆ ಕೊಟ್ಟು ಕಳಿಸಿದ್ರು. ಏನು ಕೆಲಸ ಮಾಡ್ತೀಯಪ್ಪ ಅಂತ ಒಬ್ಬರೂ ಕೇಳಲಿಲ್ಲ. ನಮಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರಮ್ಮ ತುಟಿ ಎತ್ತಿ ವಸಡು ನೋಡಿದ್ರು. ಹಲ್ಲಿನ ಬುಡದಲ್ಲಿ ನೀಲಿ ಕಪ್ಪು ಗೆರೆ ಇತ್ತು. ಅವತ್ತೇ ರಕ್ತ ಕಳಿಸಿದ್ರು.

ಆ ಹನ್ನೊಂದು ತಿಂಗಳ ಚೀಟಿಗಳನ್ನ ಎದುರು ಪಾರ್ಟಿ ವಕೀಲರು ವಿಚಾರಣೆಯಲ್ಲಿ ಒಂದೊಂದಾಗಿ ಓದಿದ್ರು. ಇದರಲ್ಲಿ ಸೀಸ ಅಂತ ಎಲ್ಲಿದೆ, ಇದರಲ್ಲಿ ಎಲ್ಲಿದೆ, ಅಂತ. ಅದಕ್ಕೇ ಹೇಳ್ತೀನಿ, ವಕೀಲರ ಬಾಗಿಲು ತಟ್ಟೋ ಮೊದಲು ಡಾಕ್ಟರ ಕೈಯಲ್ಲಿ ಬರೆಸಿ. ಏನು ಕೆಲಸ, ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ ಹೊಗೆ ಧೂಳಿನಲ್ಲಿದ್ರು ಅನ್ನೋದು ಚೀಟಿಯಲ್ಲೂ ಡಿಸ್ಚಾರ್ಜ್ ಸಮರಿಯಲ್ಲೂ ಇರಬೇಕು. ಡಾಕ್ಟರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಕೈಮುಗಿದು ಕೇಳಿ. ಅಣ್ಣ ಇನ್ನು ಆ ಜಾಗಕ್ಕೆ ಕಾಲಿಡಬಾರದು, ಆದ್ರೆ ಕೆಲಸ ಬಿಟ್ಟು ದಿನ ಕಳೆದ ಹಾಗೆ ರಕ್ತದಲ್ಲಿನ ಸೀಸ ಇಳೀತಾ ಹೋಗುತ್ತೆ, ಸುಮಾರು ಒಂದು ತಿಂಗಳಿಗೆ ಅರ್ಧಕ್ಕೂ ಇಳಿಯಬಹುದು. ಮೂಳೆಗೆ ಹೋಗಿ ಕೂತದ್ದು ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತೆ. ಹಾಗಾಗಿ ಈಗ ಕೈಯಲ್ಲಿರೋ 58ರ ರಿಪೋರ್ಟ್ ಚಿನ್ನ ಇದ್ದ ಹಾಗೆ. ಅಸಲು ಯಾರ ಕೈಗೂ ಕೊಡಬೇಡಿ, ಮಾಲೀಕರು ನೋಡಿ ಕೊಡ್ತೀನಿ ಅಂದ್ರೂ ಕೊಡಬೇಡಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಬೆಂಗಳೂರಲ್ಲಿ ಈ ಕಾಯಿಲೆ ಬಲ್ಲ ಡಾಕ್ಟರುಗಳಿಗೆ ಬರವಿಲ್ಲ, ಹುಡುಕಿ ಹೋಗಬೇಕು ಅಷ್ಟೆ.

ಇನ್ನು ದುಡ್ಡಿನ ವಿಚಾರ. ನಮ್ಮ ಕೇಸು ನಡೆದದ್ದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ. ಅದರ ಮೂರನೇ ಅನುಸೂಚಿಯಲ್ಲಿ ಸೀಸದ ಕಾಯಿಲೆ ಇತ್ತು. ಆ ಕೆಲಸದಲ್ಲಿ ದುಡಿಯೋರಿಗೆ ಅದು ಬಂದ್ರೆ ಕೆಲಸದಿಂದಲೇ ಬಂತು ಅಂತ ಕಾಯ್ದೆ ಹಿಡೀತಿತ್ತು, ಅಲ್ಲ ಅಂತ ತೋರಿಸೋ ಹೊಣೆ ಮಾಲೀಕರದ್ದು. ಪರಿಹಾರ ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದ ಅದರ 17ನೇ ಕಲಂ ಪ್ರಕಾರ ಊರ್ಜಿತವೇ ಆಗ್ತಿರಲಿಲ್ಲ. ಆದರೂ ಸಹಿ ಹಾಕಬೇಡಿ ಅಂತೀನಿ, ಯಾಕಂದ್ರೆ ಆಮೇಲೆ ಅದನ್ನ ಅಲ್ಲಗಳೆಯೋದರಲ್ಲೇ ಒಂದು ವರ್ಷ ಹೋಗುತ್ತೆ. ನಮ್ಮ ಕೋ-ಸಿಸ್ಟರ್ ಗಂಡ ಹೆಬ್ಬೆಟ್ಟು ಒತ್ತಿ ಅನುಭವಿಸಿದ್ದು ಕಣ್ಣಾರೆ ನೋಡಿದೀನಿ.

ಲೆಕ್ಕ ಹೇಳ್ತೀನಿ, ಅತ್ತಿಗೆಗೆ ತೋರಿಸಿ. ಸಂಬಳ ಎಷ್ಟೇ ಇದ್ರೂ ಆ ಕಾಯ್ದೆ ತಿಂಗಳಿಗೆ 15,000ದ ತನಕ ಮಾತ್ರ ಲೆಕ್ಕಕ್ಕೆ ತಗೊಳ್ತಿತ್ತು. ಅದರ ಶೇ 60 ಅಂದ್ರೆ 9,000. 40 ವರ್ಷಕ್ಕೆ ಗುಣಿಸೋ ಅಂಶ 184.17. ಪೂರ್ತಿ ದುಡಿಮೆ ಶಕ್ತಿ ಹೋದವರಿಗೆ 16,57,530 ರೂಪಾಯಿ. ನೂರಕ್ಕೆ ಮೂವತ್ತು ಹೋಗಿದೆ ಅಂತ ಡಾಕ್ಟರು ಬರೆದು ಅದು ಒಪ್ಪಿತವಾದ್ರೆ 4,97,259. ಇದರ ಮುಂದೆ ಆ ನಲವತ್ತು ಸಾವಿರ ಇಟ್ಟು ನೋಡಿ. ತಡ ಮಾಡಿದ್ರೆ ವರ್ಷಕ್ಕೆ ಶೇ 12 ಬಡ್ಡಿ ಬೇರೆ. ನಮಗೆ ಮೂರು ವರ್ಷ ನಾಲ್ಕು ತಿಂಗಳು ಹಿಡಿಯಿತು, ಬಡ್ಡಿ ಸಮೇತ ಬಂತು.

ಒಂದು ವಿಷಯ ಗಮನದಲ್ಲಿರಲಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೇ ಕಾಯ್ದೆ ಅದರಲ್ಲಿ ಸೇರಿಹೋಗಿದೆ. ಅಣ್ಣ ಯಾವ ತಾರೀಕಿನಿಂದ ಕೆಲಸಕ್ಕೆ ಹೋಗೋಕಾಗದೆ ಮಲಗಿದ್ರು ಅನ್ನೋದನ್ನ ಈಗಲೇ ಬರೆದಿಡಿ, ಯಾವ ಕಾನೂನು ಅನ್ನೋದಕ್ಕೂ, ಗಡುವಿಗೂ ಅದೇ ಬೇಕಾಗುತ್ತೆ. ನಮ್ಮ ಕಾಲಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು.

ಅರ್ಧ ಕೇಳಿದ ವಕೀಲರ ಸಹವಾಸ ಬೇಡ. ಗೆದ್ದದ್ದರಲ್ಲಿ ಪಾಲು ಅಂತ ಫೀಸು ಗೊತ್ತು ಮಾಡೋದನ್ನ ವಕೀಲರ ಪರಿಷತ್ತಿನ ನಿಯಮವೇ ಒಪ್ಪಲ್ಲ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ, ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಅಲ್ಲಿದೆ. ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರನ್ನ ಕೊಡಬೇಕು ಅಂತ 1987ರ ಕಾಯ್ದೆ ಹೇಳುತ್ತೆ, ಆದಾಯ ಪತ್ರ ಬೇಕಿಲ್ಲ. ಹೋಗೋ ಮುಂಚೆ 15100ಕ್ಕೆ ಫೋನ್ ಮಾಡಿ. ನಮಗೆ ಸಿಕ್ಕವರು ಚಿಕ್ಕ ವಯಸ್ಸಿನ ಹುಡುಗಿ. ಇವಳ ಕೈಲಿ ಏನಾಗುತ್ತೆ ಅಂದ್ಕೊಂಡಿದ್ದೆ. ಚೀಟಿಗಳನ್ನೆಲ್ಲಾ ತಾರೀಕಿನ ಪ್ರಕಾರ ನೆಲದ ಮೇಲೆ ಹರಡಿಕೊಂಡು ಕೂತು ಕೇಸು ಕಟ್ಟಿದ್ಲು, ಪುಣ್ಯಾತ್ಗಿತ್ತಿ.

ಬೊಮ್ಮಸಂದ್ರದಿಂದ, ಯೂನಿಯನ್ನಿನಲ್ಲಿ ಇದ್ದವನು:

ಅಕ್ಕಾವ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಮೊದಲು ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಣಿಸಿ. ಹತ್ತು ಜನ ಇದ್ದು, ಸಂಬಳ 21,000ದೊಳಗಿದ್ರೆ ಇಎಸ್‌ಐ ಮಾಡಿಸಲೇಬೇಕಿತ್ತು. ಮಾಡಿಸಿಲ್ಲ ಅಂದ್ರೆ ತಪ್ಪು ಮಾಲೀಕರದ್ದು, ನಿಮ್ಮಣ್ಣಂದಲ್ಲ. ಇಎಸ್‌ಐ ನಿಗಮ ಸೌಲಭ್ಯ ಕೊಟ್ಟು ಮಾಲೀಕರಿಂದ ವಸೂಲಿ ಮಾಡಬಹುದು. ಆದ್ರೆ ಇಎಸ್‌ಐ ವ್ಯಾಪ್ತಿಗೆ ಬಂದವರು ಅಕ್ಕ ಹೇಳಿದ ದಾರಿಯಲ್ಲಿ ಮತ್ತೆ ಪರಿಹಾರ ಕೇಳೋ ಹಾಗಿಲ್ಲ, ಎರಡರಲ್ಲಿ ಒಂದೇ. ಇದನ್ನ ವಕೀಲರ ಹತ್ತಿರ ಮೊದಲ ದಿನವೇ ಇತ್ಯರ್ಥ ಮಾಡ್ಕೊಳ್ಳಿ.

ಎರಡನೇದು, ಅಲ್ಲಿ ಕೆಲಸ ಮಾಡ್ತಿದ್ದ ಅನ್ನೋದಕ್ಕೇ ಪುರಾವೆ ಬೇಕಾಗುತ್ತೆ, ಬಟವಾಡೆ ಕೈಗೇ ಅಂದ್ರಲ್ಲ. ನಾಳೆ ನಮ್ಮವನೇ ಅಲ್ಲ ಅಂತಾರೆ. ಪಾಳಿ ಬದಲಾಯ್ತು ಅಂತ ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜು, ಆಯುಧಪೂಜೆ ದಿನ ಭಟ್ಟಿ ಮುಂದೆ ತೆಗೆಸಿಕೊಂಡ ಫೋಟೋ, ಅಡ್ವಾನ್ಸ್ ಫೋನ್‌ಪೇ ಮಾಡಿದ್ರೆ ಅದು, ಎಲ್ಲಾ ತೆಗೆದಿಡಿ. ನಾನು ನೋಡಿದ ಒಂದು ಕೇಸಲ್ಲಿ ಆಯುಧಪೂಜೆ ಫೋಟೋನೇ ಕೈಹಿಡೀತು, ಹಿಂದಿನ ಗೋಡೆಯಲ್ಲಿ ಕಂಪನಿ ಹೆಸರು ಕಾಣ್ತಿತ್ತು. ಕಂಟ್ರಾಕ್ಟರ್ ಕಡೆಯವನು ಅಂತ ಹೇಳಿದ್ರೂ ಹೆದರಬೇಡಿ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೂ ಹೊಣೆಗಾರರೇ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳ ಇಲಾಖೆಗೆ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೂ ಒಳಗೆ ದುಡೀತಿರೋ ಹುಡುಗರ ರಕ್ತವೂ ಪರೀಕ್ಷೆ ಆಗಬೇಕಲ್ವಾ?

ಕಾಮಾಕ್ಷಿಪಾಳ್ಯದಿಂದ:

ನಮ್ಮದು ಮನೆ ಪಕ್ಕದ ಪ್ಲೇಟಿಂಗ್ (ಲೋಹಕ್ಕೆ ಲೇಪನ ಹಾಕೋ) ಘಟಕದ ತಾಪತ್ರಯ, ಬೋರ್ ನೀರು ಹಳದಿಯಾಗಿ ಬರ್ತಿತ್ತು. ನಮಗೆ ಉಪಯೋಗಕ್ಕೆ ಬಂದದ್ದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 150 ಪದದೊಳಗೆ ಒಂದೇ ವಿಷಯ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಾಕಿ, ನಿಮ್ಮಣ್ಣ ದುಡಿದ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರ (ಘಟಕ ನಡೆಸೋಕೆ ಮಂಡಳಿ ಕೊಡೋ ಅನುಮತಿ), ತಪಾಸಣೆ ವರದಿಗಳ ಪ್ರತಿ ಕೇಳಿ. ನಮ್ಮ ಪಕ್ಕದವರಿಗೆ ಸಮ್ಮತಿಯೇ ಇರಲಿಲ್ಲ ಅನ್ನೋದು ಹಾಗೇ ಹೊರಗೆ ಬಂತು. ನಮ್ಮ ಹಾಗೆ ಅಕ್ಕಪಕ್ಕದವರಿಗೆ ಕಾಯಿಲೆಯಾದ್ರೆ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು, ಪೀಠ ಚೆನ್ನೈಯಲ್ಲಿದೆ, ಐದು ವರ್ಷದ ಗಡುವು.

ಕೇಳಿದವರು:

ಎಲ್ಲರಿಗೂ ಕೈಮುಗೀತೀನಿ. ಅತ್ತಿಗೆಗೆ ಲೆಕ್ಕ ಓದಿ ಹೇಳಿದೆ, ಸುಮ್ಮನೆ ಕೂತು ಎರಡು ಸಲ ಓದಿಸಿದ್ರು. ಕಾಗದ ಸಹಿ ಇಲ್ಲದೇ ವಾಪಸ್ ಹೋಯ್ತು. ಲಗ್ಗೆರೆ ಅಕ್ಕ, ಒಂದು ಕೇಳಬೇಕಿತ್ತು. ಅಣ್ಣ ಕೆಲಸದ ಬಟ್ಟೆಯಲ್ಲೇ ಮನೆಗೆ ಬರ್ತಿದ್ರು. ಚಿಕ್ಕವನಿಗೆ ನಾಲ್ಕು ವರ್ಷ, ಊಟ ಸೇರಲ್ಲ, ತುಂಬಾ ಬಿಳಿಚಿಕೊಂಡಿದಾನೆ.

ಲಗ್ಗೆರೆಯಿಂದ:

ತಂಗಿ, ಕೋರ್ಟು ಕಚೇರಿ ಒಂದು ವಾರ ಕಾಯಲಿ, ನಾಳೆ ಬೆಳಿಗ್ಗೆ ಮಗೂನ ಕರ್ಕೊಂಡು ಹೋಗಿ ರಕ್ತ ಕೊಡಿಸಿ. ನಮ್ಮ ಮನೆಯಲ್ಲಿ ಅವರ ಷರಟು, ಮಕ್ಕಳ ಯೂನಿಫಾರಂ ಒಂದೇ ಬಕೆಟ್ಟಿನಲ್ಲಿ ನೆನೆಸ್ತಿದ್ದೆ. ನೀರು ಚೆಲ್ಲಿದ್ರೆ ತಳದಲ್ಲಿ ಬೂದು ಬಣ್ಣದ ಮಡ್ಡಿ ನಿಂತಿರೋದು, ರಸ್ತೆ ಧೂಳು ಅಂದ್ಕೊಂಡಿದ್ದೆ. ಮಗಳಿಗೆ 14 ಬಂತು. ಮಕ್ಕಳಲ್ಲಿ 5 ಬಂದ್ರೇ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆ ಬಟ್ಟೆಗಳನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆ ಹೊರಗಿಡಿ, ಎಸೆಯಬೇಡಿ, ವಕೀಲರಿಗೆ ತೋರಿಸಬೇಕು. ನೆಲ ಪೊರಕೆಯಲ್ಲಿ ಗುಡಿಸೋದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗೂನ ಚೀಟಿಯಲ್ಲೂ ಅಪ್ಪನ ಕೆಲಸ ಏನು ಅಂತ ಬರೆಸಿ. ರಿಪೋರ್ಟ್ ಬಂದ ಕೂಡಲೇ ನನಗೆ ಹೇಳಿ, ಕಾಯ್ತಿರ್ತೀನಿ.